ತೋಟದ ಗುರುತು ಯಾರ ಟೇಬಲ್‌ಗೆ ಹೋಗುತ್ತೆ?

ಮೂಡಿಗೆರೆ ಕಡೆ ನಮ್ಮೂರಿನಲ್ಲಿ ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಒಂದು ಸಭೆ ನಡೆಯಿತು. ಸಮುದಾಯ ಭವನದಲ್ಲಿ ಹೆಚ್ಚೆಂದರೆ ನಲವತ್ತು ಜನ. ಯುರೋಪಿಗೆ ಕಾಫಿ ಹೋಗಬೇಕಾದರೆ ಇನ್ನು ಮುಂದೆ ಪ್ರತಿ ತೋಟದ ಗುರುತು ಬೇಕು, ಮೊಬೈಲ್‌ನಲ್ಲಿ ಜಾಗ ಗುರುತಿಸಿ ನೋಂದಾಯಿಸಿ ಅಂತ ಕೇಂದ್ರ ಸರ್ಕಾರದ ಕಾಫಿ ಮಂಡಳಿಯ ಅಧಿಕಾರಿ ವಿವರಿಸಿದರು. ಚೆನ್ನಾಗಿಯೇ ಹೇಳಿದರು, ಅವಸರ ಮಾಡಲಿಲ್ಲ. ಕೊನೆಗೆ ನಮ್ಮ ಚಿಕ್ಕಪ್ಪ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದರು.

"ಸರ್, ಗುರುತು ಕೊಡ್ತೀವಿ. ಅದು ಆಮೇಲೆ ಯಾರ ಟೇಬಲ್‌ಗೆ ಹೋಗುತ್ತೆ?"

ಎಲ್ಲರ ಮನಸ್ಸಿನಲ್ಲಿದ್ದದ್ದೂ ಅದೇ. ಒಂದು ಕ್ಷಣ ಯಾರೂ ಮಾತಾಡಲಿಲ್ಲ.

ಆ ಪ್ರಶ್ನೆ ಅವತ್ತಿನಿಂದ ನನ್ನ ತಲೆಯಲ್ಲಿ ಕೂತಿದೆ. ಸರ್ಕಾರದ ಒಂದು ಸಂಸ್ಥೆಗೂ ಅದು ಯಾರಿಗಾಗಿ ಇದೆಯೋ ಆ ಜನಕ್ಕೂ ನಂಟು ಎಷ್ಟು ಗಟ್ಟಿ ಅಂತ ಸಬ್ಸಿಡಿ ಹಂಚುವ ದಿನ ಗೊತ್ತಾಗುವುದಿಲ್ಲ. ಅವತ್ತು ಎಲ್ಲರೂ ಖುಷಿಯಾಗಿರುತ್ತಾರೆ. ಸಂಸ್ಥೆಯೇ ಬಂದು ನಮ್ಮಿಂದ ಏನಾದರೂ ಕೇಳುತ್ತದಲ್ಲ, ಅವತ್ತು ಗೊತ್ತಾಗುತ್ತದೆ. ಚಿಕ್ಕಮಗಳೂರು, ಹಾಸನದ ಕಾಫಿ ಸೀಮೆಯಲ್ಲಿ ಈಗ ನಡೆಯುತ್ತಿರುವುದು ಅದೇ.

ಮೊದಲು ವಿಷಯ ಏನು ಅಂತ ನೋಡೋಣ. ಯುರೋಪಿಯನ್ ಒಕ್ಕೂಟ 2023ರಲ್ಲಿ ಒಂದು ಕಾನೂನು ತಂದಿತು. ಇಯುಡಿಆರ್ ಅಂತ ಕರೆಯುತ್ತಾರೆ. ದನ, ಕೋಕೋ, ಕಾಫಿ, ತಾಳೆ ಎಣ್ಣೆ, ರಬ್ಬರ್, ಸೋಯಾ, ಮರ, ಈ ಏಳು ಪದಾರ್ಥಗಳು ಕಾಡು ಕಡಿದ ಜಾಗದಿಂದ ಬಂದಿರಬಾರದು. 2020ರ ಡಿಸೆಂಬರ್ 31ರ ನಂತರ ಅಲ್ಲಿ ಕಾಡು ಕಡಿದಿಲ್ಲ ಅಂತ ಮಾಲು ತರಿಸಿಕೊಳ್ಳುವ ಕಂಪನಿ ತೋರಿಸಬೇಕು. ಅದಕ್ಕೆ ತೋಟ ಎಲ್ಲಿದೆ ಅನ್ನುವ ಗುರುತು ಬೇಕು. ನಾಲ್ಕು ಹೆಕ್ಟೇರ್‌ಗಿಂತ ಚಿಕ್ಕ ತೋಟವಾದರೆ ಒಂದು ಚುಕ್ಕೆ ಸಾಕು, ಅದಕ್ಕಿಂತ ದೊಡ್ಡದಾದರೆ ಸುತ್ತಲಿನ ಗಡಿಯನ್ನೇ ಗುರುತಿಸಬೇಕು. ಈ ಕಾನೂನು ಜಾರಿಗೆ ಬರುವ ದಿನ 2024ರ ಡಿಸೆಂಬರ್ ಅಂತ ಇತ್ತು. ಅದು 2025ಕ್ಕೆ ಹೋಯಿತು, ಮತ್ತೆ ಒಂದು ವರ್ಷ ಮುಂದೆ ಹೋಗಿ ದೊಡ್ಡ ಕಂಪನಿಗಳಿಗೆ 2026ರ ಡಿಸೆಂಬರ್ 30 ಅಂತ ಆಯಿತು. ಭಾರತವನ್ನು ಅಪಾಯ ಕಡಿಮೆ ಇರುವ ದೇಶಗಳ ಪಟ್ಟಿಯಲ್ಲಿ ಇಟ್ಟಿದ್ದಾರೆ. ಅದರಿಂದ ತಪಾಸಣೆ ಕಡಿಮೆಯಾಗುತ್ತದೆ, ಆದರೆ ಗುರುತು ಕೊಡುವುದು ತಪ್ಪುವುದಿಲ್ಲ.

ಇಟಲಿ, ಜರ್ಮನಿ, ಬೆಲ್ಜಿಯಂ ನಮ್ಮ ಕಾಫಿಯ ದೊಡ್ಡ ಗಿರಾಕಿಗಳು. ದೇಶದ ಕಾಫಿಯಲ್ಲಿ ನೂರಕ್ಕೆ 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿ. ಬೆಳೆಗಾರರಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಜನ 10 ಹೆಕ್ಟೇರ್‌ಗಿಂತ ಕಡಿಮೆ ಇರುವವರು. ಇವರು ಯಾರೂ ನೇರವಾಗಿ ಇಟಲಿಗೆ ಮಾರುವುದಿಲ್ಲ. ಕಣದಲ್ಲಿ ಒಣಗಿದ ಚೆರಿಯನ್ನು, ಅಂದರೆ ಕಾಫಿ ಹಣ್ಣನ್ನು, ಊರಿನ ವ್ಯಾಪಾರಿಗೆ ಕೊಡುತ್ತಾರೆ, ಅದು ಸಿಪ್ಪೆ ತೆಗೆದು ಬೀಜ ಹದ ಮಾಡುವ ಕ್ಯೂರಿಂಗ್ ವರ್ಕ್ಸ್‌ಗೆ ಹೋಗುತ್ತದೆ, ಅಲ್ಲಿ ಹತ್ತಾರು ತೋಟದ ಕಾಫಿ ಒಂದಾಗುತ್ತದೆ. ಆ ರಾಶಿಯಲ್ಲಿ ಒಂದು ತೋಟದ ಗುರುತು ಇಲ್ಲದಿದ್ದರೂ ರಫ್ತುದಾರನಿಗೆ ಕಷ್ಟ. ಹಾಗಾಗಿ ಮೂರು ಎಕರೆಯ ಚಿಕ್ಕಪ್ಪನ ಚುಕ್ಕೆ ದೂರದ ಬಂದರಿನ ತನಕ ಬೇಕಾಗಿದೆ.

ಹಾಗಾದರೆ ಕೊಡೋಕೆ ಯಾಕೆ ಹಿಂಜರಿಕೆ? ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಿಕ್ಕಪ್ಪನ ಎರಡು ಎಕರೆಗೆ ಪಹಣಿ ಇದೆ. ಅಂಚಿನ ಒಂದು ಎಕರೆ ಬಗರ್ ಹುಕುಂ, ಅಂದರೆ ಸರ್ಕಾರಿ ಜಾಗದಲ್ಲಿ ಮಂಜೂರಾತಿ ಇಲ್ಲದೆ ಮಾಡಿಕೊಂಡು ಬಂದ ಸಾಗುವಳಿ. ಅದನ್ನು ಸಕ್ರಮ ಮಾಡಿಕೊಡಿ ಅಂತ ನಮೂನೆ 57ರಲ್ಲಿ ಅರ್ಜಿ ಹಾಕಿ ಕಾಯುತ್ತಿದ್ದಾರೆ. ಪಕ್ಕದ ಊರಿನವರಿಗೆ ಅರಣ್ಯದ ಸೆಕ್ಷನ್ 4ರ (ಜಾಗವನ್ನು ಮೀಸಲು ಅರಣ್ಯ ಮಾಡುತ್ತೇವೆ ಅನ್ನುವ ಅಧಿಸೂಚನೆಯ) ತಕರಾರು, ಇನ್ನೊಂದು ಕಡೆ ಡೀಮ್ಡ್ ಫಾರೆಸ್ಟ್, ಅಂದರೆ ಅರಣ್ಯ ಅಂತಲೇ ಪರಿಗಣಿಸಿದ ಜಾಗ ಅನ್ನುವ ಹೆದರಿಕೆ. ಅಜ್ಜನ ಕಾಲದಿಂದ ಕಾಫಿ ಇರುವ ಜಾಗವೇ ಕಾಗದದಲ್ಲಿ ಇನ್ನೇನೋ ಆಗಿರುತ್ತದೆ. ಆ ಯುರೋಪಿನ ಕಾನೂನಿನಲ್ಲಿ ಇನ್ನೊಂದು ಮಾತೂ ಇದೆ: ಬೆಳೆ ಆ ದೇಶದ ಕಾನೂನಿನ ಪ್ರಕಾರ ಬೆಳೆದದ್ದಾಗಿರಬೇಕು, ಅದರಲ್ಲಿ ಜಮೀನಿನ ಹಕ್ಕೂ ಸೇರುತ್ತದೆ. ಅಂದಮೇಲೆ ಮೊಬೈಲ್‌ನಲ್ಲಿ ಇಟ್ಟ ಒಂದು ಚುಕ್ಕೆ ನಾಳೆ ಕಂದಾಯ ಇಲಾಖೆಗೋ ಅರಣ್ಯ ಇಲಾಖೆಗೋ ಸಾಕ್ಷಿ ಆಗಿಬಿಟ್ಟರೆ? ಆದಾಯ ತೆರಿಗೆಯವರು ನೋಡಿದರೆ? ಈ ಭಯ ಸರಿಯೋ ತಪ್ಪೋ ಆಮೇಲೆ. ಭಯ ಇದೆ, ಅದಕ್ಕೆ ಕಾರಣವೂ ಇದೆ.

ಇನ್ನೊಂದು ಆತಂಕ ನೆರಳಿನದು. ನಮ್ಮ ಕಾಫಿ ಬಯಲಿನಲ್ಲಿ ಬೆಳೆಯುವುದಲ್ಲ. ಮೇಲೆ ಹಲಸು, ನೇರಳೆ, ಅತ್ತಿ ಮರ, ಸಿಲ್ವರ್ ಓಕ್, ಮಧ್ಯೆ ಹಾಲುವಾಣ, ಕೆಳಗೆ ಕಾಫಿ. ಉಪಗ್ರಹದಿಂದ ನೋಡಿದರೆ ಇದೂ ಕಾಡಿನ ಹಾಗೇ ಕಾಣುತ್ತದೆ. ಒಂದು ವರ್ಷ ಸ್ವಲ್ಪ ಜೋರಾಗಿ ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಸವರುವ ಕೆಲಸ, ಮಾಡಿಸಿದರೆ ಅದೇ ಚಿತ್ರದಲ್ಲಿ ಕಾಡು ಕಡಿದಂತೆ ಕಾಣಬಹುದು. ಆ ಹೊತ್ತಿಗೆ ಯಾರಾದರೂ ಎದ್ದು ನಿಂತು, ಇದು ಮರಗಸಿ, ಪ್ರತಿ ವರ್ಷ ಮಾಡುವ ಕೆಲಸ, ಮರ ಅಲ್ಲೇ ಇದೆ ಅಂತ ಹೇಳಬೇಕಲ್ವಾ? ಅದನ್ನು ಒಬ್ಬ ಚಿಕ್ಕ ಬೆಳೆಗಾರ ಯುರೋಪಿನ ಕಂಪನಿಗೆ ಹೇಳಲಾರ. ಕಾಫಿ ಮಂಡಳಿಯಂಥ ಸಂಸ್ಥೆಯೇ ಹೇಳಬೇಕು. ಮಂಡಳಿ ಹಾಗೆ ಹೇಳಬೇಕಾದರೆ ಅದರ ಕೈಯಲ್ಲಿ ತೋಟದ ಮಾಹಿತಿ ಇರಬೇಕು. ಒಬ್ಬರಿಗೆ ಇನ್ನೊಬ್ಬರು ಬೇಕು, ಆದರೆ ನಡುವೆ ಒಂದು ಹಳ್ಳ ಇದೆ.

ಈ ಹಳ್ಳ ಹೇಗೆ ಬಂತು ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿಹೋದಾಗ ಕಾಫಿಗೆ ಕೇಳುವವರಿಲ್ಲದೆ ಬೆಳೆಗಾರರು ಕಂಗಾಲಾದರು. ಆಗ 1942ರ ಕಾಫಿ ಕಾಯ್ದೆ ಬಂತು. ಬೆಳೆದ ಕಾಫಿಯನ್ನೆಲ್ಲ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರದ್ದೂ ಸೇರಿಸುವ ಒಂದೇ ರಾಶಿಗೆ, ಕೊಡಬೇಕು, ಮನೆಗೆ ಮತ್ತು ಬೀಜಕ್ಕೆ ಅಂತ ಸ್ವಲ್ಪ ಇಟ್ಟುಕೊಳ್ಳಬಹುದು. ಮಂಡಳಿ ಮಾರಿ ಕಂತು ಕಂತಾಗಿ ದುಡ್ಡು ಕೊಡುತ್ತಿತ್ತು. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಹೀಗೇ ನಡೆಯಿತು. ಹಳಬರು ಈಗಲೂ ಎರಡು ರೀತಿ ಮಾತಾಡುತ್ತಾರೆ. ವ್ಯಾಪಾರಿಯ ಕಾಟ ಇರಲಿಲ್ಲ, ಚಿಕ್ಕವನಿಗೂ ದೊಡ್ಡವನಿಗೂ ಒಂದೇ ಲೆಕ್ಕ ಅಂತ ಒಬ್ಬರು. ನಮ್ಮ ಬೆಳೆ, ನಮಗೆ ದುಡ್ಡು ಬರೋಕೆ ವರ್ಷ ಕಾಯಬೇಕಿತ್ತು ಅಂತ ಇನ್ನೊಬ್ಬರು. ಎರಡೂ ನಿಜ. ಆಗ ಸಂಬಂಧ ಇತ್ತು, ಯಾಕೆಂದರೆ ಬೇರೆ ದಾರಿ ಇರಲಿಲ್ಲ. ಬೆಳೆಗಾರ ಮಂಡಳಿಯ ಹತ್ತಿರ ಹೋಗಲೇಬೇಕಿತ್ತು.

1990ರ ದಶಕದ ಮೊದಲಲ್ಲಿ ಪೂಲ್ ಸ್ವಲ್ಪ ಸ್ವಲ್ಪವಾಗಿ ಸಡಿಲವಾಗಿ, 1996ರ ಸೆಪ್ಟೆಂಬರ್‌ನಲ್ಲಿ ಎಲ್ಲರಿಗೂ ಮಾರಾಟ ಮುಕ್ತವಾಯಿತು. ಅವತ್ತಿನಿಂದ ಮಂಡಳಿ ಕಾಫಿ ಕೊಳ್ಳುವುದಿಲ್ಲ, ಬೆಲೆ ಕಟ್ಟುವುದಿಲ್ಲ. ಸಂಶೋಧನೆ, ಸಲಹೆ, ಪ್ರಚಾರ, ಸಹಾಯಧನ, ರಫ್ತಿನ ಕಾಗದಪತ್ರ ಇಷ್ಟು ಅದರ ಕೆಲಸ. ನನ್ನ ಪ್ರಕಾರ ಇಲ್ಲೇ ಒಂದು ದೊಡ್ಡ ವಿಷಯ ಕೈತಪ್ಪಿತು. ಕಟ್ಟಿಹಾಕಿದ್ದ ಹಗ್ಗ ಬಿಚ್ಚಿದ ಮೇಲೆ ಬೆಳೆಗಾರ ಮಂಡಳಿಯ ಕಡೆ ಯಾಕೆ ಬರಬೇಕು ಅನ್ನುವುದಕ್ಕೆ ಹೊಸ ಕಾರಣ ಬೇಕಿತ್ತು. ಎಷ್ಟೋ ಜನರಿಗೆ ಆ ಕಾರಣ ಸಬ್ಸಿಡಿ ಮಾತ್ರ ಆಗಿಬಿಟ್ಟಿತು. ಅರ್ಜಿ ಹಾಕೋಕೆ ಹೋಗುವುದು, ದುಡ್ಡು ಬಂದ ಮೇಲೆ ಮರೆಯುವುದು. ಎರಡು ಕಡೆಯವರೂ ಹೀಗೇ ಅಭ್ಯಾಸ ಮಾಡಿಕೊಂಡರು.

ಆದರೆ ಎಲ್ಲವೂ ಹಾಗಲ್ಲ. ಬಾಳೆಹೊನ್ನೂರನ್ನೇ ನೋಡಿ. 1925ರಲ್ಲಿ ಮೈಸೂರು ಸರ್ಕಾರ ಅಲ್ಲಿ ಕಾಫಿ ಪ್ರಯೋಗ ಕೇಂದ್ರ ತೆರೆಯಿತು. ಅದರ ಹಿಂದೆ ಇದ್ದವರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್, ಕೆನಡಾದವರು. ಅದೇ ಇವತ್ತಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ಅಷ್ಟರಲ್ಲಾಗಲೇ ಎಲೆ ತುಕ್ಕು ರೋಗ ಸಿಲೋನಿನ ಕಾಫಿಯನ್ನು ನೆಲ ಕಚ್ಚಿಸಿ, ನಮ್ಮ ಕಡೆಯೂ ತೋಟ ತೋಟಗಳನ್ನೇ ಹಾಳು ಮಾಡಿತ್ತು. ಕೇಂದ್ರ ತೆರೆಯುವ ಮೊದಲೇ ಹಳೇ ಮೈಸೂರು ಸೀಮೆಯ ತೋಟವೊಂದರಲ್ಲಿ ಕೆಂಟ್ ಎಂಬ ಪ್ಲಾಂಟರ್, ಸುತ್ತ ಎಲ್ಲ ಗಿಡ ಎಲೆ ಉದುರಿಸಿ ನಿಂತಿದ್ದಾಗ ಹಸಿರಾಗಿ ಉಳಿದ ಗಿಡವನ್ನು ಗಮನಿಸಿ ಬೀಜ ಎತ್ತಿಟ್ಟಿದ್ದರು. ಬಾಳೆಹೊನ್ನೂರಿನ ವಿಜ್ಞಾನಿಗಳು ಆ ಕೆಂಟ್ ತಳಿಯನ್ನು ಇನ್ನೊಂದರ ಜೊತೆ ಕೂಡಿಸಿ ಎಸ್.795 ಮಾಡಿದರು. 1940ರ ದಶಕದಲ್ಲಿ ಬಂದ ಆ ತಳಿ ಇವತ್ತಿಗೂ ನಮ್ಮ ತೋಟಗಳಲ್ಲಿ ಇದೆ. ತೋಟದವನು ಕಣ್ಣಿಟ್ಟು ನೋಡಿದ್ದು, ವಿಜ್ಞಾನಿ ಕೆಲಸ ಮಾಡಿದ್ದು, ಎರಡೂ ಸೇರಿದ್ದರಿಂದ ಅದು ಆಯಿತು.

ಮಳೆಗಾಲಕ್ಕೆ ಮುಂಚೆ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ಹೊಡೆಯುತ್ತೇವಲ್ಲ, ಅದಕ್ಕೆ ಇವತ್ತು ಯಾವ ಅಧಿಕಾರಿಯೂ ಬಂದು ಹೇಳಬೇಕಾಗಿಲ್ಲ. ಅಡಿಕೆಯ ಕೊಳೆ ರೋಗಕ್ಕೆ ಇದನ್ನು ಮಲೆನಾಡಿನಲ್ಲಿ ಬಳಕೆಗೆ ತಂದವರೂ ಕೋಲ್ಮನ್ ಅವರೇ. ನೂರು ವರ್ಷದ ಹಿಂದಿನ ಇಲಾಖೆಯ ಸಲಹೆ ಈಗ ಮನೆಯ ಪದ್ಧತಿ ಆಗಿದೆ.

ಎಡವಿದ್ದೂ ಇದೆ. 1980ರ ದಶಕದಲ್ಲಿ ಕಾವೇರಿ ತಳಿ ಬಂದಾಗ ಜನ ತುಂಬಾ ಆಸೆಯಿಂದ ನೆಟ್ಟರು. ಗಿಡ್ಡ ಗಿಡ, ಬೇಗ ಫಸಲು, ತುಕ್ಕು ರೋಗ ತಡೆಯುತ್ತದೆ ಅಂತ. ಆದರೆ ತುಕ್ಕಿನ ಶಿಲೀಂಧ್ರ ಹೊಸ ಹೊಸ ರೂಪ ತಾಳುತ್ತದೆ. ಕೆಲವು ವರ್ಷದಲ್ಲಿ ಕಾವೇರಿಗೂ ತುಕ್ಕು ಬಂತು, ಕಾಂಡ ಕೊರಕವೂ ಬಿಡಲಿಲ್ಲ. ಇದು ವಿಜ್ಞಾನಿಗಳ ಮೋಸ ಅಲ್ಲ, ರೋಗದ ಸ್ವಭಾವವೇ ಹಾಗೆ. ಆದರೆ ಅದನ್ನು ನೆಟ್ಟವನಿಗೆ ಹದಿನೈದು ವರ್ಷದ ಬದುಕು ಹೋಯಿತು. ಹೊಸ ತಳಿ ಕೊಡುವ ದಿನವೇ, ಇದು ಎಷ್ಟು ವರ್ಷ ತಡೆಯುತ್ತೆ ಗೊತ್ತಿಲ್ಲ, ಎಲ್ಲ ಎಕರೆಗೂ ಒಂದೇ ಸಲ ಹಾಕಬೇಡಿ ಅಂತ ಬಾಯಿ ಬಿಟ್ಟು ಹೇಳುವ ಸಂಸ್ಥೆಯನ್ನು ಜನ ಜಾಸ್ತಿ ನಂಬುತ್ತಾರೆ. 2007ರಲ್ಲಿ ಚಂದ್ರಗಿರಿ ಬಂದಾಗ ನಮ್ಮ ಕಡೆ ಹಲವರು ಮೊದಲು ನೂರು ಗಿಡ ಹಾಕಿ ನೋಡಿದರು. ಅನುಭವ ಕಲಿಸಿದ ಪಾಠ ಅದು.

ಈಗ ಮಂಡಳಿಯ ಒಂದು ಹುದ್ದೆಯ ಬಗ್ಗೆ ಹೇಳಬೇಕು. ತೋಟಕ್ಕೆ ಬರುವ ಅಧಿಕಾರಿಯನ್ನು ನಾವು ಜೆಎಲ್‌ಒ ಅಂತ ಕರೆಯುತ್ತೇವೆ, ಜೂನಿಯರ್ ಲಿಯೈಸನ್ ಆಫೀಸರ್. ಅಂದರೆ ಸಂಪರ್ಕಾಧಿಕಾರಿ. ಆ ಹೆಸರು ಇಟ್ಟವರು ಯಾರೋ, ತುಂಬಾ ಯೋಚಿಸಿ ಇಟ್ಟಿದ್ದಾರೆ. ಅವರ ಕೆಲಸ ನೋಟಿಸ್ ಕೊಡುವುದೋ ದಂಡ ಹಾಕುವುದೋ ಅಲ್ಲ. ಎರಡು ಕಡೆಗೂ ಮಾತು ದಾಟಿಸುವುದು. ಒಳ್ಳೆಯ ಜೆಎಲ್‌ಒ ಒಬ್ಬರು ಒಂದು ಹೋಬಳಿಯಲ್ಲಿ ಐದಾರು ವರ್ಷ ಇದ್ದರೆ ಅಲ್ಲಿಯ ಪ್ರತಿ ತೋಟದ ಇಳಿಜಾರು, ನೀರಿನ ಗುಂಡಿ, ಯಾರ ಗಿಡಕ್ಕೆ ಬೋರರ್ (ಕಾಂಡ ಕೊರಕ) ಜಾಸ್ತಿ, ಎಲ್ಲ ಅವರಿಗೆ ಬಾಯಿಪಾಠ.

ಬೋರರ್ ವಿಷಯದಲ್ಲಿ ಇದು ಎಷ್ಟು ಮುಖ್ಯ ಅಂತ ನೋಡಿ. ಬಿಳಿ ಕಾಂಡ ಕೊರಕದ ದುಂಬಿ ವರ್ಷಕ್ಕೆ ಎರಡು ಸಲ ಹಾರುತ್ತದೆ, ಏಪ್ರಿಲ್-ಮೇನಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ. ಬಿಸಿಲು ಬೀಳುವ ಅರೇಬಿಕಾ ಗಿಡದ ಕಾಂಡದ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಹುಳ ಒಳಗೆ ಸೇರಿದ ಮೇಲೆ ಔಷಧಿ ಮುಟ್ಟುವುದಿಲ್ಲ. ಇರುವ ದಾರಿ ಒಂದೇ: ದುಂಬಿ ಹಾರುವ ಮುಂಚೆ ಗಿಡ ಗಿಡ ನೋಡಿ, ಕಾಂಡದ ಮೇಲೆ ಉಬ್ಬು ಎದ್ದ ಗಿಡ ಹುಡುಕಿ, ಕಿತ್ತು ಸುಡುವುದು. ನಾನು ಸುಟ್ಟು, ಪಕ್ಕದವರು ಸುಡದಿದ್ದರೆ ನನ್ನ ಕೆಲಸವೆಲ್ಲ ನೀರುಪಾಲು. ಪಕ್ಕದವರಿಗೆ ನಾನು ಹೇಳಿದರೆ ಜಗಳ ಆಗುತ್ತದೆ. ಇಬ್ಬರಿಗೂ ಬೇಕಾದ ಒಬ್ಬ ಮನುಷ್ಯ ಬಂದು ಹೇಳಿದರೆ ಕೇಳುತ್ತಾರೆ. ಇದಕ್ಕೆ ಆ್ಯಪ್ ಸಾಲುವುದಿಲ್ಲ, ಮುಖ ಪರಿಚಯ ಬೇಕು.

ಆದರೆ ಮುಖ ಬದಲಾಗುತ್ತಲೇ ಇರುತ್ತದೆ. ಖಾಲಿ ಹುದ್ದೆ, ವರ್ಗಾವಣೆ, ಒಬ್ಬರಿಗೆ ಎರಡು ಮೂರು ಹೋಬಳಿಯ ಹೊಣೆ. ನನ್ನದೇ ಒಂದು ಅನುಭವ ಹೇಳುತ್ತೇನೆ. ಯಾವ ಇಲಾಖೆ ಅಂತ ಬೇಡ, ಕಾಫಿಗೆ ಸಂಬಂಧ ಇಲ್ಲದ ಒಂದು ಕಚೇರಿ. ಕೆರೆ ಏರಿ ಒಡೆದದ್ದಕ್ಕೆ ಅರ್ಜಿ ಕೊಟ್ಟೆ. ಸ್ಥಳ ನೋಡಿದ ಅಧಿಕಾರಿಗೆ ವರ್ಗ ಆಯಿತು. ಹೊಸಬರು ಅದೇ ಕಾಗದ ಮತ್ತೆ ಕೇಳಿದರು. ಅವರಿಗೂ ವರ್ಗ ಆಯಿತು. ಮೂರನೇ ಸಲ ಅದೇ ನಕ್ಷೆ, ಅದೇ ಪಹಣಿ ಹಿಡಿದು ನಿಂತಾಗ ನನಗೆ ಸಿಟ್ಟಿಗಿಂತ ಬೇಸರವೇ ಜಾಸ್ತಿ ಆಗಿದ್ದು. ಪ್ರತಿ ಸಲವೂ ನಾನು ಅಲ್ಲಿ ಹೊಸಬ. ಆ ಕಚೇರಿಗೆ ನಾನು ನೆನಪೇ ಇಲ್ಲ. ಅಧಿಕಾರಿ ಹೋದರೂ ತೋಟದ ಕಥೆ ಕಚೇರಿಯಲ್ಲಿ ಉಳಿಯಬೇಕು. ಹೋಗುವವರು ಬರುವವರನ್ನು ಒಂದೆರಡು ದಿನ ತೋಟಗಳಿಗೆ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿದರೆ ಎಷ್ಟು ಖರ್ಚಾಗುತ್ತದೆ? ಒಂದು ಜೀಪಿನ ಡೀಸೆಲ್.

ಸಕಲೇಶಪುರ, ಆಲೂರು ಕಡೆಯ ಆನೆ ವಿಷಯದಿಂದಲೂ ಕಲಿಯುವುದಿದೆ. 2014ರಲ್ಲಿ ಆ ಭಾಗದಲ್ಲಿ 22 ಆನೆಗಳನ್ನು ಹಿಡಿದು ಸಾಗಿಸಿದರು. ಆದರೂ ಆನೆ ಬರುವುದು ನಿಲ್ಲಲಿಲ್ಲ. ಅರಣ್ಯ ಇಲಾಖೆ ಮತ್ತು ತೋಟದವರ ನಡುವೆ ಆಗ ಮಾತು ಅಂದರೆ ಬರೀ ರಸ್ತೆ ತಡೆ, ಪರಿಹಾರದ ಅರ್ಜಿ. ಆಮೇಲೆ ಆನೆ ಎಲ್ಲಿದೆ ಅಂತ ಫೋನಿಗೆ ಸಂದೇಶ ಕಳಿಸುವುದು, ದಾರಿಯಲ್ಲಿ ಎಚ್ಚರಿಕೆಯ ದೀಪ ಹಾಕುವುದು ಶುರುವಾಯಿತು. ಸಮಸ್ಯೆ ಮುಗಿದಿಲ್ಲ, ಈಗಲೂ ಜೀವ ಹೋಗುತ್ತಿದೆ, ಆ ನೋವು ಸಣ್ಣದಲ್ಲ. ಆದರೆ ಬೆಳಗ್ಗೆ ಕೆಲಸದವರನ್ನು ತೋಟದ ಯಾವ ಪಟ್ಟೆಗೆ ಕಳಿಸಬೇಕು ಅಂತ ರೈಟರ್, ಅಂದರೆ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವನು, ಆ ಸಂದೇಶ ನೋಡಿ ತೀರ್ಮಾನ ಮಾಡುತ್ತಾನೆ. ಅವನಿಗೇ ಆನೆ ಕಂಡರೆ ಅವನೂ ಫೋನ್ ಮಾಡಿ ತಿಳಿಸುತ್ತಾನೆ. ಯಾರೂ ಆದೇಶ ಮಾಡಿಲ್ಲ. ಅವನಿಗೆ ಮೊದಲು ಉಪಯೋಗ ಆಯಿತು, ಅದಕ್ಕೆ ಅವನೂ ಕೊಡುತ್ತಾನೆ.

ಕಾಫಿಯಲ್ಲಿ ಈ ಕೊಡು-ಕೊಳ್ಳುವಿಕೆ ಸರಿಯಾಗಿ ನಡೆಯುತ್ತಿಲ್ಲ ಅನ್ನುವುದಕ್ಕೆ ಫಸಲಿನ ಅಂದಾಜೇ ಸಾಕ್ಷಿ. ಮಂಡಳಿ ವರ್ಷಕ್ಕೆ ಎರಡು ಅಂದಾಜು ಕೊಡುತ್ತದೆ, ಹೂವಾದ ಮೇಲೆ ಒಂದು, ಮಳೆಗಾಲ ಮುಗಿದ ಮೇಲೆ ಒಂದು. ಬೆಳೆಗಾರರ ಸಂಘಗಳು ಅದನ್ನು ಜಾಸ್ತಿ ಹೇಳಿದ್ದಾರೆ ಅಂತ ಆಕ್ಷೇಪಿಸುವುದು ಹೊಸದಲ್ಲ. ಫಸಲು ಜಾಸ್ತಿ ಅಂತ ಸುದ್ದಿಯಾದರೆ ಬೆಲೆ ಬೀಳುತ್ತೆ ಅನ್ನುವ ಹೆದರಿಕೆಯಲ್ಲಿ ನಾವೂ ಕೇಳಿದವರಿಗೆ ಸ್ವಲ್ಪ ಕಡಿಮೆ ಮಾಡಿಯೇ ಹೇಳುತ್ತೇವೆ. ಒಪ್ಪಿಕೊಳ್ಳಬೇಕಾದ ಮಾತು ಇದು. ನಾವೇ ಸರಿಯಾದ ಲೆಕ್ಕ ಕೊಡದೆ ಅವರ ಲೆಕ್ಕ ತಪ್ಪು ಅನ್ನುವುದು ಸರಿಯಲ್ಲ. ಸಂಘಗಳೂ ಬೆಲೆ ಬಿದ್ದಾಗ, ಸಾಲ ಕಟ್ಟಲಾಗದಾಗ ಮಾತ್ರ ಮನವಿ ಪತ್ರ ಹಿಡಿದು ಹೋಗುವುದು ಬಿಟ್ಟು, ಬೆಲೆ ಚೆನ್ನಾಗಿರುವಾಗಲೂ ಮಂಡಳಿಯ ಜೊತೆ ಕೂತು ಮಾತಾಡಬೇಕು. 2024, 2025ರಲ್ಲಿ ರೋಬಸ್ಟಾಕ್ಕೆ ಹಿಂದೆಂದೂ ಕಾಣದ ಬೆಲೆ ಬಂದಾಗ ಹಾಗೆ ಕೂರಲು ಒಳ್ಳೆಯ ಸಮಯ ಇತ್ತು.

ಇನ್ನೊಂದು ತೊಡಕು, ನಮ್ಮ ಒಂದೇ ಎಕರೆಗೆ ಸರ್ಕಾರದ ಕಡೆಯ ಒಡೆಯರು ಹಲವರು. ಕಾಫಿ ಗಿಡ ಕೇಂದ್ರದ ವಾಣಿಜ್ಯ ಸಚಿವಾಲಯದ ಕೆಳಗಿನ ಕಾಫಿ ಮಂಡಳಿಗೆ. ಅದರ ಪಕ್ಕದ ಮರಕ್ಕೆ ಹಬ್ಬಿದ ಮೆಣಸು ಸಾಂಬಾರ ಮಂಡಳಿಗೆ. ಅಡಿಕೆ ರಾಜ್ಯದ ತೋಟಗಾರಿಕೆ ಇಲಾಖೆಗೆ. ಮರ ಕಡಿಯಲು ಅರಣ್ಯ ಇಲಾಖೆ. ಜಮೀನು ಕಂದಾಯದ್ದು. ಬೆಳೆಗಾರನಿಗೆ ಇವರೆಲ್ಲ ಸೇರಿ ಒಂದೇ, "ಸರ್ಕಾರ". ಒಂದು ಕಡೆ ಆದ ನೋವನ್ನು ಇನ್ನೊಂದು ಕಡೆ ತೋರಿಸುತ್ತಾನೆ. ಸರ್ವೆಗೆ ಬಂದವರು ಗದರಿದ್ದು ಪಾಪ ಜೆಎಲ್‌ಒ ತಲೆಗೆ ಬರುತ್ತದೆ.

ಹಾಗಾಗಿ ಚಿಕ್ಕಪ್ಪನ ಪ್ರಶ್ನೆಗೆ ಬಾಯಿಮಾತಿನ ಭರವಸೆ ಸಾಲದು ಅನ್ನುವುದು ನನ್ನ ಅಭಿಪ್ರಾಯ. ಒಂದು ಪುಟದ ಕಾಗದ ಬೇಕು, ಕನ್ನಡದಲ್ಲಿ, ಸಹಿ ಮೊಹರಿನ ಜೊತೆ. ಯಾವ ಮಾಹಿತಿ ತೆಗೆದುಕೊಂಡೆವು, ಯಾರು ನೋಡುತ್ತಾರೆ, ಕಂದಾಯ ಮತ್ತು ಅರಣ್ಯ ಇಲಾಖೆಗೆ ಕೊಡುತ್ತೇವೋ ಇಲ್ಲವೋ, ಬೆಳೆಗಾರ ತನ್ನ ಗುರುತನ್ನು ತಿದ್ದಬೇಕಾದರೆ ಯಾರ ಹತ್ತಿರ ಹೋಗಬೇಕು. ಬೇರೆ ಇಲಾಖೆಯ ಪರವಾಗಿ ಮಾತು ಕೊಡಲು ಮಂಡಳಿಗೆ ಆಗದಿದ್ದರೆ ಅದನ್ನೂ ಹಾಗೇ ಬರೆಯಲಿ. ಕಹಿ ಮಾತಾದರೂ ಮೊದಲೇ ಹೇಳಿದರೆ ಜನ ತಡೆದುಕೊಳ್ಳುತ್ತಾರೆ, ಆಮೇಲೆ ಗೊತ್ತಾದರೆ ಇಪ್ಪತ್ತು ವರ್ಷ ಮರೆಯುವುದಿಲ್ಲ. ಗುರುತು ಕೊಟ್ಟವನಿಗೆ ತಿರುಗಿ ಏನಾದರೂ ಸಿಗಬೇಕು ಕೂಡ. ಅದೇ ಚುಕ್ಕೆ ಇಟ್ಟುಕೊಂಡು ನಿಮ್ಮ ಸುತ್ತ ಬೋರರ್ ಹಾರಾಟ ಶುರುವಾಗಿದೆ, ಕೊಯ್ಲಿನ ವಾರದಲ್ಲಿ ಮಳೆ ಇದೆ, ಕಣದಲ್ಲಿ ಟಾರ್ಪಾಲ್ ಸಿದ್ಧ ಇಡಿ ಅಂತ ಸಂದೇಶ ಕಳಿಸಲಿ. ಆಗ ಮುಂದಿನ ವರ್ಷ ಕೇಳದೆಯೇ ಕೊಡುತ್ತಾರೆ.

ಸಭೆಯಾದ ಹದಿನೈದು ದಿನಕ್ಕೆ ಆ ಅಧಿಕಾರಿ ಚಿಕ್ಕಪ್ಪನ ತೋಟಕ್ಕೇ ಬಂದರು. ಚಿಕ್ಕಮ್ಮ ಕಾಫಿ ಕೊಟ್ಟರು. ಚಿಕ್ಕಪ್ಪನ ಹತ್ತಿರ ಮಳೆ ಲೆಕ್ಕದ ಪುಸ್ತಕ ಇದೆ, 1987ರಿಂದ ಪ್ರತಿ ದಿನದ್ದು, ಇಂಚು ಮತ್ತು ಸೆಂಟ್ಸ್‌ನಲ್ಲಿ (ಇಂಚಿನ ನೂರನೇ ಒಂದು ಪಾಲು ಒಂದು ಸೆಂಟ್). ಅಧಿಕಾರಿ ಅದನ್ನು ಕೇಳಿ ತೆಗೆಸಿಕೊಂಡು ಅರ್ಧ ಗಂಟೆ ಓದಿದರು. ಯಾವ ವರ್ಷ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ತಡವಾಯಿತು, ಆ ವರ್ಷ ಎಷ್ಟು ಮೂಟೆ ಆಯಿತು ಅಂತೆಲ್ಲ ಕೇಳಿ ಬರೆದುಕೊಂಡರು. ಆಮೇಲೆ ಚಿಕ್ಕಪ್ಪ ತಾವೇ ಫೋನ್ ತೆಗೆದು ಪಹಣಿ ಇರುವ ಎರಡು ಎಕರೆಯ ಗುರುತು ಹಾಕಿಸಿದರು. ನಮೂನೆ 57ರ ಎಕರೆಯದ್ದು ಹಾಕಿಸಲಿಲ್ಲ.

"ಹಾಗಾದ್ರೆ ಸರ್, ಈ ಒಂದೆಕರೆ ಹಣ್ಣನ್ನ ಬೇರೆ ಕಣದಲ್ಲಿ ಒಣಗಿಸಬೇಕಾ? ಒಟ್ಟಿಗೆ ಹಾಕಿದ್ರೆ ವ್ಯಾಪಾರಿಗೆ ತೊಂದರೆ ಆಗುತ್ತಾ?"

ಅಧಿಕಾರಿ ಗೊತ್ತಿಲ್ಲ ಅಂದರು. ಕೇಳಿ ಹೇಳುತ್ತೇನೆ ಅಂತ ಪುಸ್ತಕದಲ್ಲಿ ಬರೆದುಕೊಂಡರು.

ಎಂಟು ದಿನ ಬಿಟ್ಟು ಫೋನ್ ಬಂತು. ಮೇಲಿನವರಿಗೆ ಬರೆದಿದ್ದೇನೆ, ಉತ್ತರ ಇನ್ನೂ ಬಂದಿಲ್ಲ, ಬಂದ ದಿನ ತಿಳಿಸುತ್ತೇನೆ ಅಂದರು. ಆಯ್ತು ಸರ್ ಅಂದ ಚಿಕ್ಕಪ್ಪ, ಫೋನ್ ಇಡುವ ಮುಂಚೆ ಅವರು ಕೇಳದಿದ್ದರೂ ಹಿಂದಿನ ರಾತ್ರಿಯ ಹೂಮಳೆಯ ಲೆಕ್ಕ ಹೇಳಿದರು. ಒಂದು ಇಂಚು ಹತ್ತು ಸೆಂಟ್ಸ್.